ಮಂಗ ಸತ್ತರೆ ಮಂಗಗಳನ್ನೇ ಓಡಿಸಬೇಕೇ? ಉಣುಗನ್ನು ಹೊತ್ತು ತಿರುಗುವವರು ಯಾರು?

ಕಾನಿನಂಚು:

ನಮ್ಮದು ಸಾಗರ ತಾಲೂಕಿನಲ್ಲಿ ಕಾನಿಗೆ, ಅಂದರೆ ದಟ್ಟ ಕಾಡಿಗೆ, ಅಂಟಿಕೊಂಡ ಊರು. ಹೋದ ಗುರುವಾರ ಸೊಪ್ಪಿನ ಬೆಟ್ಟದಲ್ಲಿ, ಮತ್ತಿ ಮರದ ಬುಡದಲ್ಲಿ ಕಪ್ಪು ಮೋರೆಯ ಒಂದು ಮುಸಿಯ ಸತ್ತು ಬಿದ್ದಿತ್ತು. ಮೊದಲು ಕಂಡದ್ದು ನಮ್ಮ ನಾಯಿಗೆ. ಭಾನುವಾರ ಇನ್ನೊಂದು. ಅದು ಸಾದಾ ಮಂಗ, ಕೆರೆ ಏರಿಯ ಪಕ್ಕದಲ್ಲಿ ಕುಳಿತ ಭಂಗಿಯಲ್ಲೇ ಕಲ್ಲಿಗೆ ಒರಗಿತ್ತು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಅನುಮಾನ ಬಂದು ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಿದೆ. ಬಂದು ಎರಡನೆಯದರ ಮಾದರಿ ತೆಗೆದುಕೊಂಡು ಹೋದರು. ಮೊದಲನೆಯದು ಆಗಲೇ ಕೊಳೆತುಹೋಗಿತ್ತು.

ಈಗಿನ ತಲೆನೋವು ಬೇರೆ. ಊರಿನ ಸಭೆಯಲ್ಲಿ ಅರ್ಧ ಜನ ಸೇರಿ ಅರ್ಜಿ ಬರೆದಿದ್ದಾರೆ: ಮಂಗಗಳನ್ನೆಲ್ಲ ಹಿಡಿಸಿ ದೂರದ ಕಾಡಿಗೆ ಬಿಡಿಸಬೇಕಂತೆ. "ಕಾಯಿಲೆಯ ಹೆಸರೇ ಮಂಗನ ಕಾಯಿಲೆ, ಇನ್ನೇನು ಸಾಕ್ಷಿ ಬೇಕು?" ಎನ್ನುತ್ತಾರೆ. ಬುಧವಾರ ಸಹಿ ಹಾಕಬೇಕು. ನನಗೆ ಸಹಿ ಹಾಕಲು ಮನಸ್ಸಿಲ್ಲ, ಹಾಕದಿರಲು ನಾಲ್ಕು ಜನರ ಮುಂದೆ ಹೇಳುವಂಥ ಕಾರಣವೂ ನನ್ನಲ್ಲಿಲ್ಲ. ಅಡಿಕೆ ಕೊನೆ ಕೊಯ್ಲು ನಡೆದಿದೆ, ಕಾಳುಮೆಣಸು ಇನ್ನೂ ಬಳ್ಳಿಯಲ್ಲೇ ಇದೆ, ಕೆಲಸದವರು ತೋಟಕ್ಕೆ ಬರಲು ಹೆದರುತ್ತಿದ್ದಾರೆ. ತಿಳಿದವರು ಹೇಳಿ. ಈ ಕಾಯಿಲೆಯಲ್ಲಿ ಮಂಗನ ಪಾಲು ಎಷ್ಟು, ಉಳಿದ ಪ್ರಾಣಿಗಳ ಪಾಲು ಎಷ್ಟು?

ಮಂಗಮುಕ್ತತೋಟ:

ಇದರಲ್ಲಿ ಕೇಳುವುದೇನಿದೆ? ಕಣ್ಣು ಮುಚ್ಚಿ ಸಹಿ ಹಾಕಿ. ಬಾಳೆ, ಏಲಕ್ಕಿ, ಎಳೆ ಅಡಿಕೆ ಒಂದನ್ನೂ ಉಳಿಸದ ಪ್ರಾಣಿ ಅದು. ಈಗ ಕಾಯಿಲೆಯನ್ನೂ ತರುತ್ತಿದೆ. ಪಟ್ಟಣದಲ್ಲಿ ಕುಳಿತವರು ಮಂಗನ ಪರವಾಗಿ ಉಪನ್ಯಾಸ ಕೊಡುತ್ತಾರೆ, ಸಾಯುವವರು ನಾವು. 2019ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಜನ ಸತ್ತದ್ದನ್ನು ಹತ್ತಿರದಿಂದ ನೋಡಿದವನು ನಾನು.

ಉಣುಗುಎಣಿಸುವವ:

ಸಂಶೋಧನೆಯ ವಿದ್ಯಾರ್ಥಿ ನಾನು, ಉಣುಗು ಎಣಿಸುವುದೇ ಕೆಲಸ. ಕೀಟಶಾಸ್ತ್ರ ವಿಭಾಗದಲ್ಲಿದ್ದೇನೆ, ಆದರೆ ಉಣುಗು ಕೀಟವಲ್ಲ. ಎಂಟು ಕಾಲಿನ ಅದು ಜೇಡನ ಬಳಗ. ಮೊಟ್ಟೆಯೊಡೆದು ಬಂದಾಗ ಮಾತ್ರ ಆರು ಕಾಲು ಇರುತ್ತವೆ, ಅದೇ ಲಾರ್ವಾ. ಆಮೇಲಿನದು ನಿಂಫ್, ಕೊನೆಗೆ ಬಲಿತ ಉಣುಗು.

ಮಂಗನ ಕಾಯಿಲೆಯ ಮುಖ್ಯ ವಾಹಕದ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೂರು ಹಂತಕ್ಕೂ ಅದು ಬೇರೆ ಬೇರೆ ಪ್ರಾಣಿಯ ರಕ್ತ ಕುಡಿಯುತ್ತದೆ. ಒಮ್ಮೆ ಕುಡಿದು ನೆಲಕ್ಕೆ ಬಿದ್ದು ಪೊರೆ ಬಿಟ್ಟು, ಮತ್ತೊಂದು ಪ್ರಾಣಿಗಾಗಿ ಕಾಯುತ್ತದೆ. ಮಳೆಗಾಲ ಮುಗಿದ ಮೇಲೆ ಲಾರ್ವಾಗಳು ಹೆಚ್ಚು. ಅವು ಇಲಿ, ಮೂಗಿಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿ, ಮಂಗ, ಹೀಗೆ ಸಿಕ್ಕಿದವರ ಮೈ ಹತ್ತುತ್ತವೆ. ಡಿಸೆಂಬರಿನಿಂದ ಬೇಸಿಗೆಯ ತನಕ ನಿಂಫ್‌ಗಳ ಕಾಲ. ಮನುಷ್ಯನನ್ನು ಕಚ್ಚಿ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಇವೇ. ಮಳೆಗಾಲದಲ್ಲಿ ಬಲಿತವುಗಳ ಕಾಲ. ಅವಕ್ಕೆ ದೊಡ್ಡ ಮೈಯೇ ಬೇಕು: ದನ, ಕಾಡುಕೋಣ, ಕಡವೆ.

ಆದ್ದರಿಂದ "ಯಾರ ಪಾಲು ಎಷ್ಟು" ಎಂಬ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ಉಣುಗನ್ನು ಸಾಕುವವರು ಯಾರು ಎಂಬುದು ಒಂದು. ಉಣುಗಿಗೆ ವೈರಸ್ ಕೊಡುವವರು ಯಾರು ಎಂಬುದು ಇನ್ನೊಂದು. ಎರಡೂ ಒಂದೇ ಪ್ರಾಣಿಯಾಗಬೇಕೆಂದಿಲ್ಲ.

ಮಂಗಮುಕ್ತತೋಟ:

ಸುತ್ತಿ ಬಳಸಿ ಬೇಡ. ಮಂಗನ ಮೈಯಲ್ಲಿ ವೈರಸ್ ಇರುತ್ತದೋ ಇಲ್ಲವೋ?

ಉಣುಗುಎಣಿಸುವವ:

ಇರುತ್ತದೆ. ಮಂಗ ಪೂರ್ತಿ ಮುಗ್ಧ ಎಂದು ನಾನು ಹೇಳುತ್ತಿಲ್ಲ. ಸೋಂಕು ತಗುಲಿದ ಮಂಗದ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿ ತುಳುಕುತ್ತದೆ. ಆ ದಿನಗಳಲ್ಲಿ ಅದರ ಮೈ ಮೇಲಿರುವ ಲಾರ್ವಾಗಳೆಲ್ಲ ವೈರಸ್ಸನ್ನೂ ಕುಡಿಯುತ್ತವೆ. ಪೊರೆ ಬಿಟ್ಟು ನಿಂಫ್ ಆದ ಮೇಲೂ ವೈರಸ್ ಅವುಗಳ ಒಳಗೇ ಉಳಿಯುತ್ತದೆ. ಮಂಗ ಸತ್ತರೆ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಸೇರಿಕೊಳ್ಳುತ್ತವೆ. ಸತ್ತ ಜಾಗದ ಸುತ್ತ ಐವತ್ತು ಅಡಿಗೆ ಮೆಲಾಥಿಯಾನ್ ಪುಡಿ ಹೊಡೆಯುವುದು ಇದೇ ಕಾರಣಕ್ಕೆ. ಕಾನಿನಂಚು ಅವರೇ, ಆ ಮತ್ತಿ ಮರ ಮತ್ತು ಕೆರೆ ಏರಿಯ ಹತ್ತಿರ ಸದ್ಯ ಯಾರೂ ಹೋಗುವುದು ಬೇಡ. ನಾಯಿಯ ಕಿವಿಯ ಒಳಬದಿ, ಕಾಲ್ಬೆರಳ ಸಂದಿಗಳನ್ನು ನೋಡಿ.

ಆದರೆ ಮಂಗಕ್ಕೆ ವೈರಸ್ ಬಂದದ್ದು ಎಲ್ಲಿಂದ? ಅದಕ್ಕೂ ಉಣುಗೇ ಕಚ್ಚಿದ್ದು. ಎರಡು ಹಾವಳಿಗಳ ನಡುವಿನ ವರ್ಷಗಳಲ್ಲಿ, ಒಂದು ಮಂಗವೂ ಸಾಯದ ಕಾಲದಲ್ಲಿ, ವೈರಸ್ ಉಳಿಯುವುದು ಉಣುಗಿನಲ್ಲಿ ಮತ್ತು ನೆಲದ ಸಣ್ಣ ಪ್ರಾಣಿಗಳಲ್ಲಿ. ಮಂಗದಲ್ಲಿ ಅದು ಒಮ್ಮೆಲೇ ಹೆಚ್ಚಿ ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ನಿವೃತ್ತಸಹಾಯಕಿ:

ಮಕ್ಕಳೇ, ಮೊದಲು ಒಂದು ಮಾತು. ಸತ್ತ ಮಂಗವನ್ನು ಯಾರೂ ಕೈಯಿಂದ ಮುಟ್ಟಬೇಡಿ. ಪುಣ್ಯ ಬರುತ್ತದೆ ಎಂದು ಅರಿಶಿನ ಕುಂಕುಮ ಹಚ್ಚಿ ಹೂಳುವವರನ್ನು, ತೋಟ ಚೊಕ್ಕಟವಾಗಲಿ ಎಂದು ಬಾಲ ಹಿಡಿದು ಎಳೆದು ಹಾಕುವವರನ್ನು, ಇಬ್ಬರನ್ನೂ ನೋಡಿದ್ದೇನೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಅವುಗಳ ವಿಲೇವಾರಿ ಮಾಡಿದ ಕೆಲಸಗಾರರಿಗೇ ಕಾಯಿಲೆ ಬಂದಿತ್ತು. ಸುಡುವುದು ಸರಿ, ಆದರೆ ಅದು ಕೈಗವಸು, ಬೂಟು, ಮೈ ತುಂಬ ಬಟ್ಟೆ ತೊಟ್ಟವರ ಕೆಲಸ.

ಕಾನಿನಂಚು, ಮನೆಯಲ್ಲಿ ಯಾರಿಗಾದರೂ ಜ್ವರ ಉಂಟೇ? ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆ ಒಡೆಯುವ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು ಬಂದರೆ "ಕೊಯ್ಲಿನ ದಣಿವು" ಎಂದು ಮಲಗಿಸಬೇಡಿ. ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆಗೆ ಹೋಗಬೇಕು. ಇನ್ನೊಂದು: ಜ್ವರ ಬಿಟ್ಟು ವಾರ ಕಳೆದ ಮೇಲೆ ಕೆಲವರಿಗೆ ಮರಳಿ ಬರುತ್ತದೆ. ಆಗ ಬರುವುದು ತಲೆಗೇರುವ ಬಗೆ: ಕೈ ನಡುಕ, ಮಂಪರು, ಗೊಂದಲದ ಮಾತು. ಗುಣವಾಯಿತು ಎಂದು ತೋಟಕ್ಕೆ ಇಳಿದವರನ್ನು ಎರಡನೆಯ ಸುತ್ತಿನಲ್ಲಿ ಕಳೆದುಕೊಂಡ ಮನೆಗಳು ನನಗೆ ಗೊತ್ತು.

ಕಾನಿನಂಚು:

ಸದ್ಯ ಯಾರಿಗೂ ಜ್ವರ ಇಲ್ಲ ಅಕ್ಕ. ನಾಯಿಯ ಕಿವಿಯಲ್ಲಿ ಹನ್ನೊಂದು ಸಿಕ್ಕವು. ಚಿಮಟಿಗೆಯಿಂದ ತೆಗೆದು ಸೋಪಿನ ನೀರಿಗೆ ಹಾಕಿದೆ. ಅಪ್ಪಯ್ಯ ಮಾತ್ರ "ಎಪ್ಪತ್ತು ವರ್ಷದಿಂದ ಇದೇ ಬೆಟ್ಟದ ದರಗು ತಂದಿದ್ದೇನೆ, ನನಗೇನೂ ಆಗಿಲ್ಲ" ಎಂದು ಹಟ ಹಿಡಿದಿದ್ದಾರೆ.

ನಿವೃತ್ತಸಹಾಯಕಿ:

ಸೋಪಿನ ನೀರಿಗಿಂತ ಸ್ಪಿರಿಟ್ ಒಳ್ಳೆಯದು. ಚಿಮಟಿಗೆಯನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಹೊಟ್ಟೆ ಹಿಚುಕಬೇಡಿ, ಬೆಂಕಿ ಕಡ್ಡಿ ತಾಗಿಸಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಅಪ್ಪಯ್ಯನಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮಾವನೂ ಅದೇ ಮಾತು ಹೇಳುತ್ತಿದ್ದರು.

ಹಕ್ಕಿನೋಟ:

ಯಾರೂ ಹಕ್ಕಿಗಳ ವಿಷಯ ಎತ್ತಲಿಲ್ಲವಲ್ಲ. ಈ ಕಾಯಿಲೆಯ ಇತಿಹಾಸದಲ್ಲಿ ಮೊದಲ ಅನುಮಾನ ಬಿದ್ದವರಲ್ಲಿ ಅವೂ ಸೇರಿದ್ದವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಜನರೂ ಸಾಯತೊಡಗಿದಾಗ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲು ಹುಟ್ಟಿತು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿ ಆ ರೋಗದ ವೈರಸ್ ಕಾಡಿನ ಮಂಗಗಳಲ್ಲೂ ಸುತ್ತುತ್ತಿರುತ್ತದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿ ನೋಡಿದರೆ, ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ!

ಸೈಬೀರಿಯದ ನೆಂಟ ಸೊರಬಕ್ಕೆ ಹೇಗೆ ಬಂದ? ಚಳಿಗಾಲದ ವಲಸೆ ಹಕ್ಕಿಗಳ ಮೈ ಮೇಲೆ ಉಣುಗಾಗಿ ಬಂದಿರಬಹುದು ಎಂಬ ಊಹೆ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೆತ್ತಿಕೊಂಡದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳೇ ತಂದವು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಅನುಮಾನದ ದೆಸೆಯಿಂದ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಸಿಕ್ಕ ಮಾಹಿತಿ ಬಹಳ. ಹಕ್ಕಿ ನೋಡುವವರ ಪಾಲಿಗೆ ಅದು ಕಾಯಿಲೆ ಕೊಟ್ಟ ಉಡುಗೊರೆ.

ಹಾಗೆಂದು ಹಕ್ಕಿಗಳು ಉಣುಗನ್ನು ದೂರಕ್ಕೆ ಸಾಗಿಸುವುದೇ ಇಲ್ಲ ಎಂದಲ್ಲ. ಕ್ರಿಮಿಯನ್ ಕಾಂಗೋ ಜ್ವರ ಎಂಬ ಇನ್ನೊಂದು ಕಾಯಿಲೆ ಹರಡುವ ಹಯಲೊಮ್ಮಾ ಉಣುಗಿನ ಮರಿಗಳು ಆಫ್ರಿಕಾದಿಂದ ಯುರೋಪಿಗೆ ಹಕ್ಕಿಗಳ ತಲೆಗೆ ಕಚ್ಚಿಕೊಂಡು ಸಮುದ್ರ ದಾಟುತ್ತವೆ. ನಮ್ಮ ಕಾಡಿನಲ್ಲಿ ಕಾಡುಕೋಳಿಯಂಥ ನೆಲದ ಹಕ್ಕಿಗಳು ಲಾರ್ವಾಗಳನ್ನು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಒಯ್ಯುತ್ತವೆ.

ದರಗಿನರಾಶಿ:

ನಾಟಿ ಕೋಳಿ ಸಾಕಿದರೆ ಉಣುಗು ಹೆಕ್ಕಿ ತಿಂದು ಮುಗಿಸುತ್ತವೆ ಎಂದು ಕೇಳಿದ್ದೇನೆ. ಗಿನಿ ಕೋಳಿಯಾದರೆ ಇನ್ನೂ ಒಳ್ಳೆಯದಂತೆ.

ಉಣುಗುಎಣಿಸುವವ:

ಕೊಟ್ಟಿಗೆಯಲ್ಲಿ ಬಿದ್ದ ದಪ್ಪ ಉಣುಗನ್ನು ಕೋಳಿ ಹೆಕ್ಕುತ್ತದೆ, ನಿಜ. ನಿಂಫ್ ಎಳ್ಳಿನ ಕಾಳಿಗಿಂತ ಚಿಕ್ಕದು, ದರಗಿನ ಬಣ್ಣದ್ದು, ಕೋಳಿಯ ಕಣ್ಣಿಗೂ ಕಷ್ಟ. ಮೇಲಾಗಿ ಕೋಳಿಯೇ ಲಾರ್ವಾಗಳಿಗೆ ಊಟವಾಗಬಹುದು. ಅಮೆರಿಕದಲ್ಲಿ ಒಪಾಸಮ್ ಎಂಬ ಪ್ರಾಣಿ ಸಾವಿರಾರು ಉಣುಗು ತಿನ್ನುತ್ತದೆ ಎಂದು ಬಹಳ ವರ್ಷ ಪ್ರಚಾರವಿತ್ತು. ಕಾಡಿನಲ್ಲಿ ಸಿಕ್ಕ ಒಪಾಸಮ್‌ಗಳ ಹೊಟ್ಟೆಯನ್ನು ಆಮೇಲೆ ಬಿಚ್ಚಿ ನೋಡಿದವರಿಗೆ ಒಂದು ಉಣುಗೂ ಸಿಗಲಿಲ್ಲ. ಪ್ರಾಣಿಗಳ ಬಗ್ಗೆ ಹೀಗೆ ಒಳ್ಳೆಯ ಸುಳ್ಳೂ ಹುಟ್ಟುತ್ತದೆ, ಕೆಟ್ಟ ಸುಳ್ಳೂ ಹುಟ್ಟುತ್ತದೆ.

ಎಳ್ಳಿಗಿಂತ ಚಿಕ್ಕದು ಎಂದೆನಲ್ಲ, ಅದನ್ನು ಹೇಗೆ ಎಣಿಸುತ್ತೇವೆ ಎಂದರೆ, ಒಂದು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗುತ್ತೇವೆ. ಕೆಲವು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ ನೋಡಬೇಕು. ಮೊದಲು ಮಣ್ಣಿನ ಕಣದಂತೆ ಕಾಣುತ್ತದೆ. ಉಸಿರು ತಾಗುವಷ್ಟು ಹತ್ತಿರ ಬಗ್ಗಿದರೆ ಆ ಕಣ ಮುಂಗಾಲು ಎರಡನ್ನೂ ಎತ್ತಿ ಗಾಳಿಯಲ್ಲಿ ಆಡಿಸುತ್ತದೆ. ಉಸಿರಿನ ವಾಸನೆ, ಮೈಯ ಬಿಸಿ ಹಿಡಿಯುವ ಅಂಗ ಇರುವುದು ಆ ಕಾಲಿನ ತುದಿಯಲ್ಲಿ. ಅದು ನನ್ನನ್ನು ಹುಡುಕುತ್ತಿದೆ ಎಂದು ಮೊದಲ ದಿನ ಹೊಳೆದಾಗ ಬಟ್ಟೆಯನ್ನೇ ಬಿಟ್ಟು ಓಡಿದ್ದೆ.

ಹೊರನಾಡಿನಿಂದ:

ನಾನು ತೀರ್ಥಹಳ್ಳಿ ಕಡೆಯವಳು, ಈಗ ಇರುವುದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಉಣುಗಿನಿಂದಲೇ ಬರುವ ಲೈಮ್ ರೋಗಕ್ಕೆ ಹೆಸರು ಕೊಟ್ಟ ಲೈಮ್ ಎಂಬ ಊರು ಇದೇ ರಾಜ್ಯದಲ್ಲಿದೆ. ಇಲ್ಲಿಯೂ ಇದೇ ಜಗಳ, ಮಂಗದ ಜಾಗದಲ್ಲಿ ಜಿಂಕೆ ನಿಂತಿದೆ. ಉಣುಗಿನ ಹೆಸರೇ ಜಿಂಕೆ ಉಣುಗು. ಆದರೆ ಜಿಂಕೆಯಿಂದ ಉಣುಗಿಗೆ ರೋಗಾಣು ಹೋಗುವುದಿಲ್ಲ! ರೋಗಾಣು ಕೊಡುವುದು ಮುಖ್ಯವಾಗಿ ಬಿಳಿಗಾಲಿನ ಒಂದು ಪುಟ್ಟ ಇಲಿ. ಇಲಿಗೆ ಕಾಯಿಲೆಯ ಲಕ್ಷಣವೇ ಇರುವುದಿಲ್ಲ, ಆರಾಮವಾಗಿ ಓಡಾಡಿಕೊಂಡಿರುತ್ತದೆ. ಜಿಂಕೆ ಮಾಡುವುದು ಬೇರೆ ಕೆಲಸ. ಬಲಿತ ಉಣುಗು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆ ಇಡುವುದಕ್ಕೆ ಅದು ಅನ್ನ ಛತ್ರ.

ಹಾಗಾದರೆ ಜಿಂಕೆ ತೆಗೆದರೆ ಏನಾಗುತ್ತದೆ? ಮೇನ್ ರಾಜ್ಯದ ಮಾನ್ಹಿಗನ್ ಎಂಬ ದ್ವೀಪದಲ್ಲಿ 1990ರ ದಶಕದ ಕೊನೆಯಲ್ಲಿ ಜಿಂಕೆಗಳನ್ನು ಒಂದೂ ಬಿಡದೆ ತೆಗೆದರು. ಕೆಲವು ವರ್ಷಗಳಲ್ಲಿ ಉಣುಗು ಬಹಳ ಕಡಿಮೆಯಾಯಿತು.

ಮಂಗಮುಕ್ತತೋಟ:

ನೋಡಿ! ತಂಗಿ ಅಮೆರಿಕದಿಂದಲೇ ನನ್ನ ಮಾತು ಹೇಳಿದಳು. ಪ್ರಾಣಿ ತೆಗೆದರೆ ಉಣುಗು ಹೋಗುತ್ತದೆ. ಕಾನಿನಂಚು ರಾಯರೇ, ಪೆನ್ನು ತೆಗೆಯಿರಿ.

ಕೊಟ್ಟಿಗೆವೈದ್ಯ:

ಪೆನ್ನು ಸ್ವಲ್ಪ ಹೊತ್ತು ಜೇಬಿನಲ್ಲೇ ಇರಲಿ. ಮೂವತ್ತು ವರ್ಷ ಪಶುವೈದ್ಯನಾಗಿ ಮಲೆನಾಡಿನ ಕೊಟ್ಟಿಗೆಗಳಲ್ಲಿ ಬಗ್ಗಿ ಬಗ್ಗಿ ಬೆನ್ನು ಹಾಳುಮಾಡಿಕೊಂಡವನು ನಾನು. ತಂಗಿ ಹೇಳಿದ ಲೆಕ್ಕ ಸರಿಯಾಗಿದೆ, ಅದನ್ನು ನಮ್ಮ ಊರಿಗೆ ಇಳಿಸುವಾಗ ನೀವು ಪ್ರಾಣಿ ತಪ್ಪಿದಿರಿ. ಅಲ್ಲಿನ ಜಿಂಕೆ ಬಲಿತ ಉಣುಗಿಗೆ ರಕ್ತ ಕೊಡುತ್ತದೆ, ರೋಗಾಣು ಕೊಡುವುದಿಲ್ಲ. ನಮ್ಮ ಕಾಡಿನಂಚಿನಲ್ಲಿ ಆ ಕೆಲಸ ಮಾಡುವವರು ಯಾರು? ಮಂಗವಲ್ಲ, ನಮ್ಮ ದನ. ದನಕ್ಕೆ ಮಂಗನ ಕಾಯಿಲೆಯಿಂದ ತೊಂದರೆ ಆಗುವುದಿಲ್ಲ, ಅದರ ರಕ್ತದಲ್ಲಿ ಉಣುಗಿಗೆ ದಾಟುವಷ್ಟು ವೈರಸ್ ಏರುವುದೂ ಇಲ್ಲ. ಆದರೆ ಬ್ಯಾಣದ ಹುಲ್ಲುಗಾವಲಿನಲ್ಲಿ, ಕಾನಿನ ಒಳಗೆ ಮೇಯುವ ಒಂದೊಂದು ದನವೂ ಮಳೆಗಾಲದಲ್ಲಿ ಹೆಣ್ಣು ಉಣುಗುಗಳ ಹೊಟ್ಟೆ ತುಂಬಿಸಿ ಕೆಳಗೆ ಇಳಿಸುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆ ಸಾವಿರದ ಲೆಕ್ಕದಲ್ಲಿ. ಕಡವೆ, ಕಾಡುಕೋಣಗಳಿಂದಲೂ ಇದೇ ಆಗುತ್ತದೆ, ಆದರೆ ಊರಂಚಿನಲ್ಲಿ ಅವು ಎಷ್ಟು, ದನ ಎಷ್ಟು?

ಮಾನ್ಹಿಗನ್ನಿನ ನ್ಯಾಯವನ್ನೇ ಹಿಡಿದರೆ ನಿಮ್ಮ ಅರ್ಜಿಯಲ್ಲಿ ಮಂಗ ಎಂದಿರುವ ಕಡೆಯಲ್ಲೆಲ್ಲ ಆಕಳು ಎಂದು ತಿದ್ದಬೇಕು. ಸಹಿ ಎಷ್ಟು ಬೀಳುತ್ತದೆ ನೋಡೋಣ.

ದರಗಿನರಾಶಿ:

ಡಾಕ್ಟರೇ, ಇದು ಅತಿಯಾಯಿತು. ನಮ್ಮ ಆಕಳ ಕೆಚ್ಚಲಿನಲ್ಲಿ ಉಣುಗು ಇಲ್ಲದ ದಿನವೇ ಇಲ್ಲ. ಹಾಲು ಕರೆಯುವಾಗ ದಿನಾ ಕಿತ್ತು ಹಾಕುತ್ತೇವೆ. ಹಾಗಿದ್ದರೆ ಮನೆಮಂದಿಯೆಲ್ಲ ಯಾವಾಗಲೋ ಸಾಯಬೇಕಿತ್ತು.

ಕೊಟ್ಟಿಗೆವೈದ್ಯ:

ಒಳ್ಳೆಯ ಪ್ರಶ್ನೆ. ಕೆಚ್ಚಲಿನ ಸಂದಿಯಲ್ಲಿ ಹರಳು ಬೀಜದಷ್ಟು ದಪ್ಪಗೆ, ಬೂದು ಬಣ್ಣಕ್ಕೆ ಜೋತುಬಿದ್ದಿರುತ್ತದಲ್ಲ, ಅದು ಹೆಚ್ಚಾಗಿ ಬೇರೆ ಜಾತಿ. ಅದು ಮರಿಯಿಂದ ಬಲಿಯುವ ತನಕ ಒಂದೇ ದನದ ಮೈಯಲ್ಲಿ ಬದುಕುತ್ತದೆ, ಮನುಷ್ಯನ ತಂಟೆಗೆ ಬರುವುದು ಅಪರೂಪ. ದನಕ್ಕೆ ಕೆಂಪು ಮೂತ್ರದ ರೋಗ ತರುವ ಉಣುಗು ಅದು. ನಾವು ಮಾತನಾಡುತ್ತಿರುವ ಕಾಡಿನ ಉಣುಗು ದನದ ಮೇಲೆ ಇರುವುದು ಮುಖ್ಯವಾಗಿ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ನಿಮಗೆ ಕಚ್ಚುವುದು ಆಕಳಿನಿಂದ ನೇರವಾಗಿ ಬಂದದ್ದಲ್ಲ, ಹೋದ ಮಳೆಗಾಲದಲ್ಲಿ ಆಕಳು ಉಣಿಸಿದ ತಾಯಿಯ ಮರಿ. ನಡುವೆ ಆರೇಳು ತಿಂಗಳು ಕಳೆದಿರುತ್ತದೆ. ಅಷ್ಟು ಹೊತ್ತಿಗೆ ಆಕಳನ್ನು ಯಾರೂ ಅನುಮಾನಿಸುವುದಿಲ್ಲ, ಮಂಗ ಮಾತ್ರ ಕಣ್ಣೆದುರಿಗೆ ಬಿದ್ದಿರುತ್ತದೆ.

ದನ ಮಾರಿ ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಬೆನ್ನಿಗೆ ಸುರಿಯುವ ಉಣುಗಿನ ಔಷಧಿಯನ್ನು ನಿಮ್ಮ ಪಶುವೈದ್ಯರನ್ನು ಕೇಳಿ ಹಾಕಿಸಿ. ಹಾಲು ಕೊಡುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ತಪ್ಪದೆ ಕೇಳಿ. ಒಬ್ಬರ ಮನೆಯವರು ಹಾಕಿಸಿ ಒಂಬತ್ತು ಮನೆಯವರು ಬಿಟ್ಟರೆ ದುಡ್ಡು ದಂಡ.

ಬೆಳ್ತಂಗಡಿಯವ:

1980ರ ದಶಕದ ಆರಂಭದಲ್ಲಿ ನಾನು ಹೈಸ್ಕೂಲು ಹುಡುಗ. ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ, ನಿಡ್ಲೆಯ ಕಡೆ, ಕಾಡು ಕಡಿದು ಗೇರು ನೆಡುತ್ತಿದ್ದರು. ಕಾಯಿಲೆ ಹೊತ್ತಿಕೊಂಡದ್ದು ಆಗಲೇ. ಶಿವಮೊಗ್ಗದ ಕಾಯಿಲೆ ಎಂದುಕೊಂಡಿದ್ದು ಘಟ್ಟ ಇಳಿದು ನಮ್ಮ ಮನೆ ಬಾಗಿಲಿಗೆ ಬಂದಿತ್ತು. ಸತ್ತವರಲ್ಲಿ ಮರ ಕಡಿಯಲು ಬಂದ ಕೂಲಿಯವರೂ ಇದ್ದರು. ಹಿರಿಯರು ಆಗ ಬೈದದ್ದೂ ಮಂಗನನ್ನೇ. ಮಂಗ ಅಲ್ಲಿ ಅನಾದಿಯಿಂದ ಇತ್ತು. ಹೊಸದಾಗಿ ಬಂದದ್ದು ಕೊಡಲಿ.

ಉಣುಗುಎಣಿಸುವವ:

ಅಣ್ಣ ಹೇಳಿದ್ದು ಮುಖ್ಯ. ದಟ್ಟ ಕಾನಿನ ನಡುವೆ ಮನುಷ್ಯ ಕಡಿಮೆ ಹೋಗುತ್ತಾನೆ, ಬಯಲಿನಲ್ಲಿ ಉಣುಗು ಬದುಕುವುದಿಲ್ಲ. ಅಪಾಯ ಹೆಚ್ಚಿರುವುದು ಎರಡೂ ಹೆಣೆದುಕೊಂಡ ಕಡೆ: ಇಲ್ಲೊಂದು ತುಂಡು ಕಾಡು, ಅಲ್ಲೊಂದು ತೋಟ, ನಡುವೆ ಬ್ಯಾಣ, ಅದರಲ್ಲಿ ದನ, ಪೊದೆಯಲ್ಲಿ ಇಲಿ. ನಮ್ಮ ಮಲೆನಾಡಿನ ಭೂಪಟವೇ ಇದು. ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ಕಾಯಿಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದ ತನಕ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. ಮಂಗಗಳು ಸಾಗರದಿಂದ ಸಿಂಧುದುರ್ಗಕ್ಕೆ ನಡೆದುಕೊಂಡು ಹೋಗಲಿಲ್ಲ.

ಮಂಗಮುಕ್ತತೋಟ:

ಸರಿ, ಇಲಿ, ದನ, ಕೊಡಲಿ ಎಲ್ಲವನ್ನೂ ಒಪ್ಪಿದೆ. ಮಂಗದ ರಕ್ತದಲ್ಲಿ ವೈರಸ್ ಹೆಚ್ಚುತ್ತದೆ ಎಂದು ನೀವೇ ಬರೆದಿದ್ದೀರಿ. ಇಲಿಯನ್ನು ಹಿಡಿಯಲಾಗದು, ದನವನ್ನು ಬಿಡಲಾಗದು, ಮಂಗವನ್ನಾದರೂ ಹಿಡಿದು ಬೇರೆ ಕಡೆ ಬಿಟ್ಟರೆ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದಲ್ಲವೇ? ವಾದಕ್ಕಾಗಿ ಕೇಳುತ್ತಿಲ್ಲ.

ಉಣುಗುಎಣಿಸುವವ:

ಈ ಪ್ರಶ್ನೆಗೆ ನೇರ ಉತ್ತರ ಸಲ್ಲಬೇಕು. ಮೂರು ತೊಡಕುಗಳಿವೆ.

ಮಂಗವನ್ನು ಹಿಡಿದರೆ ಮೈ ಮೇಲಿನ ಉಣುಗೂ ಅದರ ಜೊತೆಗೇ ಬೋನಿಗೆ ಬರುತ್ತದೆ. ಈಗ ಜನವರಿ, ನಿಮ್ಮ ಊರಿನಲ್ಲಿ ಎರಡು ಸತ್ತಿವೆ. ಹಿಡಿಯುವ ಹತ್ತರಲ್ಲಿ ಒಂದು ಆಗಲೇ ಸೋಂಕು ಹೊತ್ತಿದ್ದರೆ ಅದನ್ನು ಗಾಡಿಯಲ್ಲಿ ಕೂರಿಸಿ ಕಾಯಿಲೆ ಇಲ್ಲದ ಇನ್ನೊಂದು ಊರಿನ ಕಾಡಿಗೆ ನೀವೇ ಮುಟ್ಟಿಸಿದಂತೆ. ಹಿಡಿಯುವವರ, ಬೋನು ಹೊರುವವರ ಗತಿಯನ್ನೂ ಯೋಚಿಸಿ.

ಎರಡನೆಯದು, ಸೋಂಕು ತಗುಲಿಯೂ ಬದುಕಿದ ಮಂಗಗಳಿರುತ್ತವೆ. ಅವುಗಳ ರಕ್ತದಲ್ಲಿ ಪ್ರತಿಕಾಯ ಸಿಗುತ್ತದೆ. ಅಂಥ ಮಂಗದ ಮೇಲೆ ಕುಳಿತ ಉಣುಗಿಗೆ ವೈರಸ್ ಸಿಗುವುದಿಲ್ಲ. ನೀವು ಅವನ್ನೂ ಸೇರಿಸಿ ಎತ್ತಿಬಿಟ್ಟರೆ ತೆರವಾದ ಜಾಗಕ್ಕೆ ಪಕ್ಕದ ಗುಡ್ಡದ ಹೊಸ ಹಿಂಡು ಬರುತ್ತದೆ. ಅದು ಪ್ರತಿರೋಧವೇ ಇಲ್ಲದ ಹಿಂಡು. ಬೆಂಕಿ ಆರುತ್ತಿದ್ದ ಒಲೆಗೆ ಒಣ ಸೌದೆ ಒಟ್ಟಿದ ಹಾಗೆ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಇಲಿ ಸತ್ತರೆ ಯಾರಿಗೂ ತಿಳಿಯುವುದಿಲ್ಲ. ಮೂಗಿಲಿಯ ರಕ್ತದಲ್ಲಿ ವೈರಸ್ ಇದ್ದರೂ ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಇಷ್ಟು ಪ್ರಾಣಿಗಳಲ್ಲಿ ಮನುಷ್ಯನಿಗೆ ಕಾಣುವಂತೆ ಸಾಯುವುದು ಮಂಗ ಒಂದೇ. ಕಾನಿನಂಚು ಅವರ ಮನೆಯಲ್ಲಿ ಇವತ್ತು ಯಾರಿಗೂ ಜ್ವರ ಇಲ್ಲ, ಆದರೂ ನಾವು ಇಷ್ಟು ಮಾತನಾಡುತ್ತಿದ್ದೇವೆ, ಕೆಲಸದವರು ಎಚ್ಚರವಾಗಿದ್ದಾರೆ, ನಾಯಿಯ ಕಿವಿಯಿಂದ ಹನ್ನೊಂದು ಉಣುಗು ಹೊರಬಂದಿವೆ. ಮಂಗಗಳೇ ಇಲ್ಲದ ಊರಿನಲ್ಲಿ ಮೊದಲು ಸಾಯುವುದು ಮನುಷ್ಯ, ಅದು ಯಾವ ಜ್ವರವೆಂದು ತಿಳಿಯುವುದು ಮೂರನೆಯ ಸಾವಿಗೆ.

ಬೆಳ್ತಂಗಡಿಯವ:

ಆ ಕಡೆಯ ಸಾಲನ್ನು ಸಭೆಯಲ್ಲಿ ಓದಿ ರಾಯರೇ.

ನಿವೃತ್ತಸಹಾಯಕಿ:

ಲಸಿಕೆಯ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಹಳೆಯ ಲಸಿಕೆಯನ್ನು ಮನೆ ಮನೆಗೆ ಹೊತ್ತವಳು ನಾನು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಆರೇಳು ತಿಂಗಳಿಗೆ ಇನ್ನೊಂದು, ಮತ್ತೆ ವರ್ಷ ವರ್ಷ. ಚುಚ್ಚಿದರೆ ತೋಳು ಉರಿದುಹೋಗುತ್ತಿತ್ತು. ಎರಡನೆಯ ಸುತ್ತಿಗೆ ಹೋದರೆ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಓಡುತ್ತಿದ್ದರು. ಅದರ ಶಕ್ತಿ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಅದು ಕೈಗೆ ಬರುವ ತನಕ ನಮಗಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ, ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿದ ಕಾಲುಚೀಲ, ತೋಟದಿಂದ ಬಂದೊಡನೆ ಬಿಸಿನೀರಿನ ಸ್ನಾನ. ಬಟ್ಟೆಯನ್ನು ಜಗುಲಿಯಲ್ಲಿ ನೇತು ಹಾಕಬೇಡಿ, ನೇರವಾಗಿ ಬಿಸಿನೀರಿಗೆ ಹಾಕಿ.

ಹೆಂಗಸರಿಗೊಂದು ಮಾತು. ತೋಟಕ್ಕೆ ಹೋಗದ ನಮಗೆ ಏನು ಎನ್ನಬೇಡಿ. ಗೊಬ್ಬರಕ್ಕೆಂದು ಮನೆಯಂಗಳಕ್ಕೆ ತಂದು ಸುರಿದ ದರಗಿನ ರಾಶಿಯಲ್ಲೇ ಉಣುಗು ಬರುತ್ತದೆ. ಮಕ್ಕಳು ಅದರ ಮೇಲೆ ಹಾರಿ ಆಡುತ್ತವೆ.

ದರಗಿನರಾಶಿ:

ಅಕ್ಕ, ನನ್ನ ಹೆಸರು ಹಿಡಿದೇ ಬೈದಿರಿ.

ನಿವೃತ್ತಸಹಾಯಕಿ:

ಬೈದದ್ದಲ್ಲ ತಮ್ಮಾ. ಆ ಹೆಸರು ಕಂಡಾಗಿನಿಂದ ಕಾಲು ತುರಿಸುತ್ತಿದೆ, ಅಷ್ಟೇ.

ಹೊರನಾಡಿನಿಂದ:

ಒಂದು ಸಂದೇಹ. ಊರಿನಲ್ಲಿ ಚಿಕ್ಕಮ್ಮನ ಮಗನಿಗೆ ಹೋದ ವರ್ಷ ಇಲಿಯಿಂದ ಬರುವ ಯಾವುದೋ ಜ್ವರ ಎಂದರು, ತೊಡೆಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇತ್ತಂತೆ. ಅದೂ ಉಣುಗಿನದೇ?

ಉಣುಗುಎಣಿಸುವವ:

ಕಲೆಯ ವರ್ಣನೆ ಕೇಳಿದರೆ ಸ್ಕ್ರಬ್ ಟೈಫಸ್ ಇರಬಹುದು. ಅದನ್ನು ತರುವುದು ಉಣುಗಲ್ಲ, ಅದಕ್ಕಿಂತ ಚಿಕ್ಕದಾದ ನುಸಿಯ ಮರಿ. ಅದೂ ಇಲಿಗಳ ಸುತ್ತಲೇ ಬದುಕುತ್ತದೆ. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ಡಾಕ್ಸಿಸೈಕ್ಲಿನ್‌ನಂಥ ಔಷಧಿಗೆ ಬಗ್ಗುತ್ತದೆ. ಉಣುಗಿನಿಂದ ಬರುವ ಟೈಫಸ್ ಬೇರೆ ಇದೆ, ಅಲ್ಲಿಯೂ ಇಂಥ ಕಲೆ ಬೀಳಬಹುದು. ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ನೇರವಾದ ಮದ್ದಿಲ್ಲ. ಆದ್ದರಿಂದ ಕಾಡಂಚಿನ ಜ್ವರವೆಲ್ಲ ಮಂಗನ ಕಾಯಿಲೆ ಎಂದು ಕೈಚೆಲ್ಲಿ ಕೂರುವುದೂ ಅಪಾಯವೇ.

ಕಾನಿನಂಚು:

ಬುಧವಾರ ರಾತ್ರಿ ಬರೆಯುತ್ತಿದ್ದೇನೆ. ಮಧ್ಯಾಹ್ನ ವರದಿ ಬಂತು, ಎರಡನೆಯ ಮಂಗದಲ್ಲಿ ವೈರಸ್ ಇತ್ತು. ಸಭೆಗೆ ಹೋಗುವ ಹೊತ್ತಿಗೆ ಎಲ್ಲರಿಗೂ ತಿಳಿದುಬಿಟ್ಟಿತ್ತು. ನಾನು ಅಂಜುತ್ತಲೇ ಆ ಮೂರು ತೊಡಕುಗಳನ್ನು ಓದಿದೆ. ಆಕಳ ವಿಷಯ ಬಂದಾಗ ದೊಡ್ಡ ಗಲಾಟೆಯಾಯಿತು, ಇಬ್ಬರು ಎದ್ದು ಹೋದರು. ಅರ್ಜಿಯನ್ನು ಹರಿದು ಹಾಕಿಲ್ಲ, ಮಳೆಗಾಲದ ನಂತರ ನೋಡೋಣ ಎಂದು ಅಧ್ಯಕ್ಷರು ಮಡಚಿ ಜೇಬಿನಲ್ಲಿಟ್ಟುಕೊಂಡರು. ಅದರ ಬದಲು ಪಶುವೈದ್ಯರನ್ನು ಊರಿಗೆ ಕರೆಸುವ ಪತ್ರಕ್ಕೆ ಇಪ್ಪತ್ತಮೂರು ಮನೆಯವರ ಸಹಿ ಬಿದ್ದಿದೆ. ಕೆರೆ ಏರಿಯ ಸುತ್ತ ಪುಡಿ ಹೊಡೆದಿದ್ದಾರೆ. ಮತ್ತಿ ಮರದ ಕಡೆ ನಾಳೆ ಬರುತ್ತಾರಂತೆ.

ಅಪ್ಪಯ್ಯ ವರದಿಯ ಸುದ್ದಿ ಕೇಳಿ ಏನೂ ಮಾತನಾಡಲಿಲ್ಲ. ಆದರೆ ಸಂಜೆ ದರಗಿನ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದ್ದು ನೋಡಿದೆ.

ಮಂಗಮುಕ್ತತೋಟ:

ನನ್ನ ಬಾಳೆಗೊನೆಯ ವಿಷಯ ಹಾಗೆಯೇ ಉಳಿಯಿತು. ಅದಕ್ಕೆ ಬೇರೆ ಚರ್ಚೆ ತೆಗೆಯುತ್ತೇನೆ, ಎಲ್ಲರೂ ಬನ್ನಿ. ಡಾಕ್ಟರೇ, ನಮ್ಮಲ್ಲಿ ಆರು ದನ. ಔಷಧಿಯನ್ನು ಯಾವ ತಿಂಗಳಲ್ಲಿ ಹಾಕಿಸಬೇಕು?

ಕೊಟ್ಟಿಗೆವೈದ್ಯ:

ಮೊದಲ ಮಳೆ ಬಿದ್ದು ಬಲಿತ ಉಣುಗು ಏಳುವ ಹೊತ್ತಿಗೆ. ಮೇ ಕೊನೆಯಲ್ಲಿ ನಿಮ್ಮ ಆಸ್ಪತ್ರೆಗೆ ಹೋಗಿ ಮಾತನಾಡಿ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಔಷಧಿ ನೋಡಿ ಹೇಳುತ್ತಾರೆ. ಅಲ್ಲಿಯ ತನಕ ದನಗಳನ್ನು ಮಂಗ ಸತ್ತ ಬೆಟ್ಟಕ್ಕೆ ಹೊಡೆಯಬೇಡಿ.

ಕಾನಿನಂಚು:

ಒಂದೇ ಒಂದು ಕೊನೆಯ ಪ್ರಶ್ನೆ. ದರಗು ತರಬಾರದು ಎಂದರೆ ಕೊಟ್ಟಿಗೆಗೆ ಏನು ಹಾಸುವುದು? ಅಪ್ಪಯ್ಯ ಕೇಳುತ್ತಿದ್ದಾರೆ.

ದರಗಿನರಾಶಿ:

ನಾವು ಹೋದ ವರ್ಷದಿಂದ ಒಣಗಿಸಿದ ಅಡಿಕೆ ಸಿಪ್ಪೆ ಹಾಸುತ್ತಿದ್ದೇವೆ, ಮೇಲೆ ಸ್ವಲ್ಪ ಭತ್ತದ ಹುಲ್ಲು. ಸಿಪ್ಪೆ ಬೇಗ ಕೊಳೆಯುವುದಿಲ್ಲ, ಗೊಬ್ಬರ ಆಗಲು ಹೆಚ್ಚು ಸಮಯ ಬೇಕು. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಸಲು ಹೇಳಿ. ಹಸಿಯಾಗಿದ್ದರೆ ದನದ ಗೊರಸು ಜಾರುತ್ತದೆ.